ಎನ್‌ಎಚ್‌ಎಸ್‌ನಲ್ಲಿ ಆಫೀಸು ಕೆಲಸ: ಹುದ್ದೆ ನೋಡಬೇಡಿ, ಬ್ಯಾಂಡ್ ನೋಡಿ

ಕಾರವಾರದಿಂದ ನೀವು ಕೇಳಿದ್ದೀರಿ: ಗಂಡನ ಡಿಪೆಂಡೆಂಟ್ ವೀಸಾದಲ್ಲಿ ಇಂಗ್ಲೆಂಡಿಗೆ ಹೊರಟಿದ್ದೇನೆ, ಎಚ್‌ಆರ್ ಅನುಭವ ಇದೆ, ಎನ್‌ಎಚ್‌ಎಸ್‌ನಲ್ಲಿ, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ, ಆಫೀಸು ಕೆಲಸ ಹೇಗೆ ಅಂತ. ನಾನು ಸಿರ್ಸಿಯವಳು, ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ ಆಸ್ಪತ್ರೆಗಳನ್ನು ನಡೆಸುವ ಒಂದು ಸಂಸ್ಥೆಯ (ಅದಕ್ಕೆ ಟ್ರಸ್ಟ್ ಅಂತಾರೆ) ಫೈನಾನ್ಸ್ ವಿಭಾಗದಲ್ಲಿದ್ದೇನೆ. ಸೇರಿ, ಒಳ್ಳೆಯ ಕೆಲಸವೇ. ಆದರೆ ಹುದ್ದೆಯ ಹೆಸರಿಗೆ ಮರುಳಾಗಬೇಡಿ.

ಮ್ಯಾನೇಜರ್ ಅಂತ ಬರೆದಿದ್ದರೂ ಸಂಬಳ ಬರುವುದು ಬ್ಯಾಂಡಿನ, ಅಂದರೆ ಸಂಬಳದ ದರ್ಜೆಯ, ಲೆಕ್ಕದಲ್ಲಿ. 2004ರಿಂದ ಹೀಗೇ. ಡಾಕ್ಟರು, ದಂತವೈದ್ಯರು ಮತ್ತು ತೀರಾ ಮೇಲಿನ ಅಧಿಕಾರಿಗಳನ್ನು ಬಿಟ್ಟರೆ ನರ್ಸಿನಿಂದ ಹಿಡಿದು ನಮ್ಮಂಥವರವರೆಗೆ ಎಲ್ಲರೂ ಒಂದೇ ಪಟ್ಟಿಯಲ್ಲಿ. ಬ್ಯಾಂಡ್ 6ಕ್ಕೆ ಸೇರಿದರೆ ಆ ಬ್ಯಾಂಡಿನೊಳಗಿನ ಮೊದಲ ಏರಿಕೆ 2 ವರ್ಷಕ್ಕೆ, ಮುಂದಿನದು 5 ವರ್ಷ ತುಂಬಿದಾಗ, ಎಷ್ಟೇ ಚುರುಕಾಗಿದ್ದರೂ ಅಷ್ಟೇ. ಬೆಂಗಳೂರಿನ ಹಾಗೆ ಹೈಕ್ ಕೇಳಿದರೆ ಬಾಸ್ ಪಾಪ ಏನು ಮಾಡಿಯಾರು? ಸಂಬಳದ ಮಾತಿದ್ದರೆ ಸೇರುವ ಮೊದಲೇ, ಹಳೆಯ ಅನುಭವದ ಪತ್ರ ಮುಂದಿಟ್ಟು ಆಡಿ.

ಅರ್ಜಿಗೆ ಸಿವಿ ಸಾಲದು. ಜಾಹೀರಾತಿನ ಜೊತೆ ಪರ್ಸನ್ ಸ್ಪೆಸಿಫಿಕೇಶನ್ ಅಂತ ಅರ್ಹತೆಗಳ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಎಸೆನ್ಶಿಯಲ್ ಅಂದಿರುವ ಒಂದೊಂದಕ್ಕೂ ನೀವು ಮಾಡಿದ ಕೆಲಸದ ಉದಾಹರಣೆ ಕೊಡಿ. ಅವರು ಅಂಕ ಹಾಕುವುದು ಅದಕ್ಕೇ.

ರಜೆ ಮಾತ್ರ ನಿಜಕ್ಕೂ ಚೆನ್ನಾಗಿದೆ. ಶುರುವಿಗೇ 27 ದಿನ, ಮೇಲೆ 8 ಬ್ಯಾಂಕ್ ಹಾಲಿಡೇ. ವಾರಕ್ಕೆ ಮೂವತ್ತೇಳೂವರೆ ಗಂಟೆ ಕೆಲಸ. ಹೆಚ್ಚಿನ ಕಡೆ ರಜೆಯ ವರ್ಷ ಮಾರ್ಚ್‌ಗೆ ಮುಗಿಯುತ್ತದೆ, ನಮ್ಮ ಸಿರ್ಸಿಯ ಮಾರಿಕಾಂಬಾ ಜಾತ್ರೆ ಬರುವುದೂ ಅದೇ ಹೊತ್ತಿಗೆ, ಹಾಗಾಗಿ ಜಾತ್ರೆ ಇರುವ ವರ್ಷ ನಾನು ಡಿಸೆಂಬರಿನಲ್ಲಿ ರಜೆ ಹಾಕದೆ ಉಳಿಸಿಕೊಳ್ಳುತ್ತೇನೆ.

ಇನ್ನೊಂದು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಬಂದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡುವ ಕಷ್ಟ ನಿಮಗೂ ಗೊತ್ತು, ಹಾಗಾಗಿ ಆಸ್ಪತ್ರೆಯಲ್ಲಿ ಗುರುತಿನವರು ಇದ್ದಾರೆ ಅಂದರೆ ಜನರಿಗೆ ಅದೇ ಧೈರ್ಯ. ಊರಿಂದ ಸ್ಕ್ಯಾನ್ ರಿಪೋರ್ಟ್ ವಾಟ್ಸಾಪಿಗೆ ಬರುತ್ತವೆ (ನಾನು ಬಿಲ್ ನೋಡುವವಳು ಮಾರಾಯ್ರೇ!). ಅದು ಹೋಗಲಿ. ಇಂಗ್ಲೆಂಡಿನಲ್ಲಿರುವ ಕನ್ನಡದವರೇ ಯಾರೋ ಅಡ್ಮಿಟ್ ಆದಾಗ, ಸುಮ್ನೆ ಒಮ್ಮೆ ಸಿಸ್ಟಮ್‌ನಲ್ಲಿ ನೋಡಿ ಹೇಳು ಅನ್ನುತ್ತಾರೆ. ನೋಡಲೇಬೇಡಿ. ನಿಮ್ಮ ಕೆಲಸಕ್ಕೆ ಬೇಕಿಲ್ಲದ ದಾಖಲೆ ತೆರೆದರೆ, ಅದು ಗಂಡನದ್ದೇ ಆಗಿದ್ದರೂ, ಕೆಲಸ ಹೋಗಬಹುದು, ಕೇಸೂ ಆಗಬಹುದು. ಯಾರು ಯಾವಾಗ ತೆರೆದರು ಅನ್ನುವುದೆಲ್ಲ ಸಿಸ್ಟಮ್‌ನಲ್ಲಿ ಉಳಿದಿರುತ್ತದೆ.

ಭದ್ರತೆ? ಮೊದಲಿನಷ್ಟಿಲ್ಲ. 2025ರ ಮಾರ್ಚಿನಲ್ಲಿ ಎನ್‌ಎಚ್‌ಎಸ್ ಇಂಗ್ಲೆಂಡ್ ಅನ್ನುವ ಮೇಲಿನ ಸಂಸ್ಥೆಯನ್ನೇ ಮುಚ್ಚುತ್ತೇವೆ ಅಂತ ಪ್ರಧಾನಿ ಹೇಳಿದರು, ಟ್ರಸ್ಟ್‌ಗಳ ಆಫೀಸು ಖರ್ಚಿಗೂ ಕತ್ತರಿ ಬಿತ್ತು. ಖರ್ಚು ಇಳಿಸಬೇಕು ಅಂದಾಗ ವಾರ್ಡಿಗಿಂತ ಮೊದಲು ಕಣ್ಣು ಬೀಳುವುದು ನಮ್ಮ ಮೇಲೇ, ಅದು ಸಹಜವೂ ಹೌದು. ನಿಮ್ಮ ವೀಸಾ ಗಂಡನ ಕಡೆಯಿಂದ, ಕೆಲಸ ಕೊಡುವವರ ಸ್ಪಾನ್ಸರ್‌ಶಿಪ್ ಬೇಕಿಲ್ಲ, ಆದ್ದರಿಂದ ಒಂದು ವರ್ಷದ ಫಿಕ್ಸ್ಡ್ ಟರ್ಮ್ (ಇಷ್ಟೇ ಅವಧಿ ಅಂತ ಇರುವ) ಕೆಲಸ ಸಿಕ್ಕರೂ ಹಿಡಿಯಿರಿ. ಒಳಗಿನವರಿಗೆ ಮಾತ್ರ ಅಂತ ಬರುವ ಜಾಹೀರಾತುಗಳು ಈಗ ಜಾಸ್ತಿ, ಒಳಗಿದ್ದರೆ ಅವಕ್ಕೂ ಅರ್ಜಿ ಹಾಕಬಹುದು.