ಊರಿನ ಕೆರೆಯಲ್ಲಿ ಬಲೆ ಹಾಕಿ ಮೀನು ಹಿಡಿಯಬಹುದಾ?

ಕೆರೆ ಊರಿನದ್ದೇ ಅಲ್ವಾ, ಬಲೆ ಬೀಸಿದರೆ ತಪ್ಪೇನು ಅಂತ ಕೇಳಿದ್ದೀರಿ. ಕೆರೆ ಊರಿನದ್ದೇ, ಆದರೆ ಮೀನಿನ ಹಕ್ಕು ಬೇರೆ. ಕರ್ನಾಟಕದಲ್ಲಿ ಇದಕ್ಕೆ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಇದೆ. ಮೀನುಗಾರಿಕೆ ಇಲಾಖೆಯೋ ಗ್ರಾಮ ಪಂಚಾಯಿತಿಯೋ ಕೆರೆಯನ್ನು ಮೀನುಗಾರರ ಸಂಘಕ್ಕೋ ಹರಾಜು ಕೂಗಿದವರಿಗೋ ಗುತ್ತಿಗೆ ಕೊಟ್ಟಿರುತ್ತದೆ. ಕಾಟ್ಲಾ, ರೋಹು ಮರಿಗಳನ್ನು ದುಡ್ಡು ಕೊಟ್ಟು ತಂದು ಬಿಡುವವರು ಸಾಮಾನ್ಯವಾಗಿ ಅವರೇ. ಕೇಳದೆ ರಾತ್ರಿ ಹೋಗಿ ಬೀಸುಬಲೆ ಎಸೆದರೆ ಕೇಸ್ ಆಗಬಹುದು, ಜಗಳವಂತೂ ಗ್ಯಾರಂಟಿ.

ಜಲಾಶಯವಾದರೆ ಲೈಸೆನ್ಸ್ ಬೇಕು. ಬಲೆಯ ಕಣ್ಣು ತೀರಾ ಸಣ್ಣದಿದ್ದರೆ ಬೆರಳುದ್ದದ ಮರಿಯೂ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಕಣ್ಣಿನ ಅಳತೆಗೂ ಮಿತಿ ಹಾಕುವ ಅಧಿಕಾರ ಸರ್ಕಾರಕ್ಕಿದೆ. ಸಿಡಿಮದ್ದು, ವಿಷ ಹಾಕಿ ಹಿಡಿಯುವುದಂತೂ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೇ ಅಪರಾಧ, ಗುತ್ತಿಗೆ ಇದ್ದವರಿಗೂ ಸೇರಿ.