ಕ್ಯೋಟೋದಲ್ಲಿ ಸಂಜೆ ಐದಾದ್ಮೇಲೆ ಏನ್ಮಾಡೋದು?

ಪ್ರಶ್ನೆ: ನಾವು ನಾಲ್ಕು ಜನ ಫ್ರೆಂಡ್ಸ್ ನವೆಂಬರ್ ಕೊನೇಲಿ ಜಪಾನಿಗೆ ಹೊರಟಿದೀವಿ. ಹೋಗ್ಬಂದೋರೆಲ್ಲ ಕ್ಯೋಟೋ ಅಂದ್ರೆ ಬರೀ ದೇವಸ್ಥಾನ, ಐದಕ್ಕೆಲ್ಲ ಬಾಗಿಲು ಹಾಕ್ತಾರೆ, ಆಮೇಲೆ ರೂಮಲ್ಲಿ ಕೂತು ಮೊಬೈಲ್ ನೋಡ್ಬೇಕು ಅಂತಾರೆ. ಪಕ್ಕದೂರು ಒಸಾಕದಲ್ಲೇ ರೂಮ್ ಮಾಡ್ಬಿಡೋಣ್ವಾ?
– ಜಯನಗರದ ಓದುಗರು

ಉತ್ತರ: ಬೇಡ ಸ್ವಾಮಿ, ಎರಡು ರಾತ್ರಿಯಾದ್ರೂ ಕ್ಯೋಟೋದಲ್ಲೇ ಇರಿ. ದೇವಸ್ಥಾನ ಬೇಗ ಮುಚ್ಚೋದು ನಿಜ, ಆದ್ರೆ ನೀವು ಹೋಗ್ತಿರೋದು ಎಲೆ ಕೆಂಪಾಗೋ ಸೀಸನ್ನಲ್ಲಿ, ಆಗ ಕಿಯೊಮಿಜು, ಕೊಡೈಜಿ ಇಂಥ ಕಡೆ ರಾತ್ರಿನೂ ಲೈಟ್ ಹಾಕಿ ಒಳಗ್ ಬಿಡ್ತಾರೆ. ಊರು ಮಂಕಾಗಿ ಕಾಣೋದಕ್ಕೆ ಕಾರಣ ಬೇರೆ ಇದೆ. 2007ರಲ್ಲಿ ಅಲ್ಲಿನ ನಗರಾಡಳಿತ ಕಟ್ಟಡದ ತಲೆ ಮೇಲಿನ ಜಾಹೀರಾತು ಬೋರ್ಡು, ಮಿಣಮಿಣ ಅನ್ನೋ ಲೈಟು ಎಲ್ಲಾ ಬ್ಯಾನ್ ಮಾಡ್ತು, ಊರ ನಡುವೆ 31 ಮೀಟರಿಗಿಂತ ಎತ್ತರ ಕಟ್ಟಂಗಿಲ್ಲ ಅಂತಾನೂ ಅಂತು. ನಮ್ಮ ಫ್ಲೆಕ್ಸ್ ಕಾಟ ಅನುಭವಿಸಿರೋರಿಗೆ ಹೊಟ್ಟೆ ಉರಿಯೋ ವಿಷ್ಯ ಇದು. ಹಂಗಾಗಿ ಒಸಾಕದ ಥರ ನಿಯಾನ್ ಹುಡುಕ್ಕೊಂಡ್ ಹೋದ್ರೆ ಏನೂ ಸಿಗಲ್ಲ, ಇರೋದೆಲ್ಲ ಬಾಗಿಲ ಒಳಗಡೆ.

ಸಾಂಜೊ, ಶಿಜೊ ಸೇತುವೆಗಳ ನಡುವೆ ಕಾಮೊ ನದಿ ಪಕ್ಕದಲ್ಲೇ ಪೊಂತೊಚೊ ಅಂತ ಒಂದು ಗಲ್ಲಿ, ಎದುರಿಂದ ಯಾರಾದ್ರೂ ಕೊಡೆ ಹಿಡ್ಕೊಂಡು ಬಂದ್ರೆ ನಿಮ್ಮ ಕೊಡೆ ವಾಲಿಸ್ಬೇಕು ಅಷ್ಟು ಇಕ್ಕಟ್ಟು. ಅದರ ಹಿಂದೆ ಕಿಯಾಮಾಚಿ, 1614ರ ಸುಮಾರಿಗೆ ಸರಕಿನ ದೋಣಿಗೆ ಅಂತ ಒಬ್ಬ ವ್ಯಾಪಾರಿ ತೋಡಿಸಿದ ಕಾಲುವೆ ದಂಡೆ, ಈಗ ಬಾರುಗಳ ಸಾಲು, ಕಾಲೇಜ್ ಹುಡುಗ್ರೆಲ್ಲ ಅಲ್ಲೇ. ಎಷ್ಟೋ ಅಂಗಡೀಲಿ ಕೌಂಟರ್ ಮುಂದೆ ಏಳೆಂಟೇ ಸೀಟು, ನಾಲ್ಕೂ ಜನ ಒಟ್ಟಿಗೆ ನುಗ್ಗಿದ್ರೆ ಜಾಗ ಇಲ್ಲ ಅಂತ ಕೈ ಅಡ್ಡ ಮಾಡ್ತಾರೆ, ಇಬ್ಬಿಬ್ರಾಗಿ ಹೋಗಿ, ಪಕ್ಕದಲ್ಲಿ ಕೂತೋರೇ ಮಾತಿಗೆಳೀತಾರೆ. ಕೂತ ತಕ್ಷಣ ಕೈ ಒರೆಸೋ ಬಟ್ಟೆ ಬರುತ್ತೆ, ಆಮೇಲೆ ಕೇಳದೇ ಇದ್ರೂ ಪುಟ್ಟ ಬಟ್ಟಲಲ್ಲಿ ಏನೋ ತಿನ್ನೋಕೆ ಬರುತ್ತೆ. ಫ್ರೀ ಅನ್ಕೋಬೇಡಿ, ಅದು ಒತೊಷಿ, ತಲೆಗೆ ಮುನ್ನೂರೋ ಐನೂರೋ ಯೆನ್ ಬಿಲ್ಲಲ್ಲಿ ಸೇರಿರುತ್ತೆ, ಅದಕ್ಕೆ ಜಗಳ ತೆಗೀಬೇಡಿ. ಟಿಪ್ಸ್ ಮಾತ್ರ ಕೊಡೋದೇ ಬೇಡ, ಮರೆತು ಹೋದ್ರಿ ಅಂತ ಚಿಲ್ಲರೆ ಹಿಡ್ಕೊಂಡು ಹಿಂದೆ ಓಡಿ ಬಂದ್ರೂ ಬಂದ್ರು. ನದಿ ಮೇಲೆ ಅಟ್ಟಣಿಗೆ ಕಟ್ಟಿ ಊಟ ಹಾಕೋದು ಬೇಸಿಗೆ ತಿಂಗಳುಗಳಲ್ಲಿ ಮಾತ್ರ, ನಿಮಗೆ ತಪ್ಪೋಯ್ತು.

ಡಾನ್ಸ್ ಬೇಕು ಅಂದ್ರೆ ಮೆಟ್ರೋ ಅಂತ ಕ್ಲಬ್ ಇದೆ, ಕೇಹಾನ್ ಲೈನಿನ ಜಿಂಗು-ಮಾರುತಮಾಚಿ ಸ್ಟೇಷನ್ ಎಕ್ಸಿಟ್ ಮೆಟ್ಟಿಲ ಮಧ್ಯದಲ್ಲೇ ಬಾಗಿಲು, 1990ರಿಂದ ನಡೀತಿದೆ. ತಮಾಷೆ ಏನಂದ್ರೆ 1948ರ ಒಂದು ಕಾನೂನಿನ ಪ್ರಕಾರ ಜಪಾನಲ್ಲಿ ಮಧ್ಯರಾತ್ರಿ ಮೇಲೆ ಕ್ಲಬ್ಬಲ್ಲಿ ಕುಣಿಸೋದೇ ತಪ್ಪಾಗಿತ್ತು, ಅದು ಸಡಿಲ ಆಗಿದ್ದು 2016ರಲ್ಲಿ. ಹನ್ನೊಂದೂವರೆಗೆ ಪೊಲೀಸ್ರು ಬಂದು ಪಬ್ ಶಟರ್ ಇಳಿಸ್ತಿದ್ದ ಬೆಂಗಳೂರು ನೋಡಿದೋರಿಗೆ ಇದೇನು ಹೊಸದಲ್ಲ ಬಿಡಿ. ರೈಲು ಹನ್ನೆರಡರ ಆಸುಪಾಸಿಗೆ ನಿಂತೋಗುತ್ತೆ, ರೂಮ್ ಊರ ನಡುವಿನ ಕವಾರಾಮಾಚಿ ಹತ್ರ ಮಾಡಿ, ನಡ್ಕೊಂಡೇ ವಾಪಸ್ ಬರಬಹುದು.

ಪ್ರಶ್ನೆ: ನಾವು ಗಂಡ ಹೆಂಡತಿ ಕುಡಿಯಲ್ಲ, ಪಕ್ಕಾ ವೆಜ್ಜು. ರಾತ್ರಿ ಹೊರಗೆ ಹೋಗಿ ಪ್ರಯೋಜನ ಇದೆಯಾ?
– ಮಲ್ಲೇಶ್ವರದ ಓದುಗರು

ಉತ್ತರ: ಖಂಡಿತ ಇದೆ ಮೇಡಂ, ಆದ್ರೆ ಊಟದ ವಿಷ್ಯದಲ್ಲಿ ಹುಷಾರು. ತೋಫು ಅಂತ ತರಿಸ್ತೀರಿ, ಬಿಸಿ ಬಿಸಿ ತೋಫು ಮೇಲೆ ತೆಳ್ಳಗೆ ಮರದ ಹೊಟ್ಟಿನ ಥರ ಏನೋ ಉದುರಿಸಿರ್ತಾರೆ, ಹಬೆಗೆ ಅದು ಜೀವ ಇರೋ ಹಾಗೆ ಅಲ್ಲಾಡ್ತಾ ಇರುತ್ತೆ, ಅದು ಒಣಮೀನು. ಸಾರು, ನೂಡಲ್ಸ್ ಎಲ್ಲದಕ್ಕೂ ಬೀಳೋ ದಾಶಿ ಅನ್ನೋ ಕುದಿಸಿದ ರಸನೂ ಸಾಮಾನ್ಯವಾಗಿ ಅದರದ್ದೇ. ಮಾಂಸ ಬೇಡ ಅಂದ್ರೆ ಸಾಲಲ್ಲ, ಮೀನಿನ ದಾಶಿನೂ ಬೇಡ ಅಂತ ಜಪಾನಿ ಭಾಷೇಲಿ ಬರೆಸಿ ಫೋನಲ್ಲಿಟ್ಕೊಳ್ಳಿ. ಊಟ ಮುಗಿಸಿ ಫುಶಿಮಿ ಇನಾರಿ ದೇವಸ್ಥಾನಕ್ಕೆ ಹೋಗಿ, ಆ ಕೆಂಪು ಕಮಾನುಗಳ ಬೆಟ್ಟಕ್ಕೆ ಗೇಟೇ ಇಲ್ಲ, ರಾತ್ರಿಯೆಲ್ಲಾ ತೆರೆದಿರುತ್ತೆ, ಹಗಲಿನ ಸೆಲ್ಫಿ ಗಲಾಟೆನೂ ಇರಲ್ಲ. ಇನ್ನೊಂದಿನ ಫುನಾವೊಕಾ ಒನ್ಸೆನ್ ಅನ್ನೋ ಸಾರ್ವಜನಿಕ ಸ್ನಾನದ ಮನೆ ನೋಡಿ, 1923ರ ಕಾಲದ್ದು, ಬಟ್ಟೆ ಬಿಚ್ಚಿಡೋ ಕೋಣೆಯ ಮರದ ಕೆತ್ತನೆ ನೋಡೋಕಾದ್ರೂ ಹೋಗ್ಬೇಕು. ಗಂಡಸ್ರು ಹೆಂಗಸ್ರಿಗೆ ಬೇರೆ ಬೇರೆ, ಮೈಮೇಲೆ ಬಟ್ಟೆ ಇರಂಗಿಲ್ಲ, ಮೊದ್ಲು ಸೋಪ್ ಹಾಕಿ ತೊಳ್ಕೊಂಡೇ ತೊಟ್ಟಿಗಿಳೀಬೇಕು. ಸಂಕೋಚ ಮೊದಲ ಐದು ನಿಮಿಷ ಅಷ್ಟೇ.

ಪ್ರಶ್ನೆ: ಕ್ಯೋಟೋದ ಗಿಯೋನ್ ಬೀದಿಗಳಲ್ಲಿ ಗೇಷಾಗಳ ಜೊತೆ ಫೋಟೋ ತೆಗೆಸ್ಕೋಬಹುದಾ?
– ರಾಜಾಜಿನಗರದ ಓದುಗರು

ಉತ್ತರ: ರಸ್ತೇಲಿ ಅಡ್ಡ ನಿಲ್ಲಿಸಿ ಅಂತೂ ಬೇಡವೇ ಬೇಡ. ಗೇಷಾಗಳು ಅಂದ್ರೆ ಹಾಡು, ನೃತ್ಯದಿಂದ ಅತಿಥಿಗಳನ್ನ ರಂಜಿಸೋ ಕಲಾವಿದೆಯರು, ಅವರು ಕೆಲಸಕ್ಕೆ ಹೊರಟಿರ್ತಾರೆ, ಟೈಮಿಗೆ ಸರಿಯಾಗಿ ಹೋಗ್ಬೇಕು. ಟೂರಿಸ್ಟುಗಳು ಕಿಮೋನೊ ಎಳೆಯೋ ಮಟ್ಟಕ್ಕೆ ಹೋಗಿದ್ದಕ್ಕೇ 2024ರಲ್ಲಿ ಅಲ್ಲಿನ ಖಾಸಗಿ ಗಲ್ಲಿಗಳಿಗೆ ಪ್ರವೇಶ ಇಲ್ಲ, ನುಗ್ಗಿದ್ರೆ 10,000 ಯೆನ್ ದಂಡ ಅಂತ ಬೋರ್ಡ್ ಹಾಕಿದ್ದು. ಏಪ್ರಿಲಲ್ಲಿ ಹೋದ್ರೆ ಮಿಯಾಕೊ ಒದೊರಿ ಅನ್ನೋ ಅವರ ನೃತ್ಯ ಪ್ರದರ್ಶನ ಇರುತ್ತೆ, 1872ರಲ್ಲಿ ಶುರುವಾಗಿದ್ದು, ಟಿಕೆಟ್ ತಗೊಂಡು ಮುಂದಿನ ಸಾಲಲ್ಲಿ ಕೂತು ಕಣ್ತುಂಬ ನೋಡಿ.

ಪ್ರಶ್ನೆ: ಹುಡುಗಿ ಒಬ್ಳೇ ರಾತ್ರಿ ಓಡಾಡಬಹುದಾ?
– ಯಲಹಂಕದ ಓದುಗರು

ಉತ್ತರ: ಓಡಾಡಬಹುದು. ಒಬ್ಬೊಬ್ರೇ ಕೂತು ಊಟ ಮಾಡೋದು ಅಲ್ಲಿ ಮಾಮೂಲಿ. ಕಿಯಾಮಾಚೀಲಿ ಕೈ ಹಿಡಿದು ಬನ್ನಿ ಬನ್ನಿ ಅಂತ ಕರೆಯೋ ಬಾರ್ ಏಜೆಂಟ್‌ಗಳ ಹಿಂದೆ ಮಾತ್ರ ಹೋಗ್ಬೇಡಿ, ಬಿಲ್ ಬಂದಾಗ ಎದೆ ಒಡೆಯುತ್ತೆ. ಮತ್ತೆ ಕುಡಿಯೋಕೆ ಅಲ್ಲಿ 20 ತುಂಬಿರ್ಬೇಕು, ಪಾಸ್‌ಪೋರ್ಟ್ ಜೊತೇಲೇ ಇಟ್ಕೊಳ್ಳಿ.