ಬಿಎಎಸ್‌ಎಲ್‌ಪಿ ಆದಮೇಲೆ ಎಂಎಸ್ಸಿ ಆಡಿಯಾಲಜಿ ಮಾಡಬೇಕಾ? ಕೋಲಾರದಿಂದ ಒಂದು ಉತ್ತರ

ನೀವು ಕೇಳಿದ್ದು ಇಷ್ಟು. ಊರು ಶಿಡ್ಲಘಟ್ಟ. ಬೆಂಗಳೂರಿನಲ್ಲಿ ಬಿಎಎಸ್‌ಎಲ್‌ಪಿ, ಅಂದರೆ ಕಿವಿ ಮತ್ತು ಮಾತಿನ ತೊಂದರೆಗಳನ್ನು ನೋಡುವ ಪದವಿ, ಓದಿ ಇಂಟರ್ನ್‌ಶಿಪ್‌ನ ಕೊನೆಯ ತಿಂಗಳುಗಳಲ್ಲಿದ್ದೀರಿ. ಹಿಯರಿಂಗ್ ಏಡ್ ಸೆಂಟರ್ ಒಂದು ಈಗಲೇ ಕೆಲಸಕ್ಕೆ ಕರೆಯುತ್ತಿದೆ. ಮನೆಯಲ್ಲಿ "ಕಿವಿ ಮೆಷಿನ್ ಹಾಕೋ ಕೆಲಸಕ್ಕೆ ಇನ್ನೂ ಎರಡು ವರ್ಷ ಓದಬೇಕಾ?" ಅನ್ನುತ್ತಾರೆ. ಎಂಎಸ್ಸಿ ಆಡಿಯಾಲಜಿ (ಶ್ರವಣ ವಿಜ್ಞಾನ) ಮಾಡಿದರೆ ನಮ್ಮ ಕಡೆ ಅದಕ್ಕೆ ಬೆಲೆ ಇದೆಯಾ, ಯಾವ ಕಾಲೇಜು ಒಳ್ಳೆಯದು ಅಂತ ನಿಮ್ಮ ಪ್ರಶ್ನೆ.

ಮಾಡಿ ಅಂತಲೇ ನನ್ನ ಉತ್ತರ. ಆದರೆ ಕಾಲೇಜಿನ ಹೆಸರು ನೋಡಿ ಆರಿಸಬೇಡಿ, ಅದರ ಕ್ಲಿನಿಕ್ ನೋಡಿ ಆರಿಸಿ. ನಾನು ಮೈಸೂರಿನಲ್ಲಿ ಓದಿ ಈಗ ಕೋಲಾರದಲ್ಲಿ ಆಡಿಯಾಲಜಿಸ್ಟ್ ಆಗಿದ್ದೇನೆ. ಇಲ್ಲಿ ದಿನಾ ಬರುವ ರೋಗಿಗಳನ್ನು ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಬಿಎಎಸ್‌ಎಲ್‌ಪಿಯಲ್ಲಿ ನೀವು ಪ್ಯೂರ್ ಟೋನ್ ಟೆಸ್ಟ್ ಚೆನ್ನಾಗಿ ಕಲಿತಿರುತ್ತೀರಿ. 250ರಿಂದ 8000 ಹರ್ಟ್ಜ್‌ವರೆಗೆ ಶಬ್ದ ಕೊಡುತ್ತೀರಿ, ಕೇಳಿಸಿದಾಗ ಅವರು ಬಟನ್ ಒತ್ತುತ್ತಾರೆ, ಎಷ್ಟು ಕೇಳಿಸುತ್ತದೆ ಅನ್ನುವ ನಕ್ಷೆ, ಅಂದರೆ ಆಡಿಯೋಗ್ರಾಂ ಬರುತ್ತದೆ. ಕೇಳಿಸಿತು, ಕೇಳಿಸಲಿಲ್ಲ ಅಂತ ಹೇಳಬಲ್ಲ ದೊಡ್ಡವರಿಗೆ ಇದು ಸಾಕು. ಹೇಳಲಾಗದವರು ಬಂದಾಗಲೇ ನಿಜವಾದ ಪರೀಕ್ಷೆ. ಎಂಟು ತಿಂಗಳ ಮಗುವನ್ನು ಎತ್ತಿಕೊಂಡು ತಾಯಿ ಬರುತ್ತಾಳೆ. ತಟ್ಟೆ ಬಿದ್ದರೂ ತಿರುಗಿ ನೋಡುವುದಿಲ್ಲ ಅನ್ನುತ್ತಾಳೆ. ಜೊತೆಗೆ ಬಂದ ಅಜ್ಜಿ, ಇವರಪ್ಪನೂ ಲೇಟಾಗಿಯೇ ಮಾತಾಡಿದ್ದು, ಸುಮ್ನೆ ಹೆದರಬೇಡ ಅನ್ನುತ್ತಾರೆ. ಇಬ್ಬರಲ್ಲಿ ಯಾರು ಸರಿ ಅಂತ ಹೇಳಬೇಕಾದವರು ನೀವು.

ಆಗ ಮಗುವನ್ನು ಮಲಗಿಸಿ ಬೆರಾ ಮಾಡುತ್ತೇವೆ, ಅಂದರೆ ಶಬ್ದಕ್ಕೆ ನರ, ಮೆದುಳು ಕೊಡುವ ಉತ್ತರ ಅಳೆಯುವ ಟೆಸ್ಟ್. ಹಣೆಗೆ, ಕಿವಿ ಹಿಂದೆ ಎಲೆಕ್ಟ್ರೋಡ್ ಅಂಟಿಸಿ, ಕಿವಿಗೆ ಸಾವಿರಾರು ಕ್ಲಿಕ್ ಶಬ್ದ ಕೊಟ್ಟು, ಮೊದಲ 10 ಮಿಲಿಸೆಕೆಂಡಿನಲ್ಲಿ ನರದಿಂದ ಮತ್ತು ಮೆದುಳಿನ ಬುಡದಿಂದ ಬರುವ ಅಲೆಗಳನ್ನು ಹುಡುಕುತ್ತೇವೆ. ಜ್ಯೂವೆಟ್ ಮತ್ತು ವಿಲ್ಲಿಸ್ಟನ್ 1971ರಲ್ಲಿ ವಿವರಿಸಿದ ಅಲೆಗಳು ಇವು. ಶಬ್ದ ಕಡಿಮೆ ಮಾಡುತ್ತಾ ಹೋದ ಹಾಗೆ ಐದನೇ ಅಲೆ ಎಲ್ಲಿಯವರೆಗೆ ಉಳಿಯುತ್ತದೆ ಅನ್ನುವುದೇ ಲೆಕ್ಕ. ಮೆಷಿನ್ ನಡೆಸುವುದನ್ನು ಯಾರು ಬೇಕಾದರೂ ಬೇಗ ಕಲಿಯಬಹುದು. ಬಂದ ಗೆರೆಯನ್ನು ಎಷ್ಟು ನಂಬಬೇಕು ಅನ್ನುವುದನ್ನು ಕಲಿಯಲು ವರ್ಷಗಳು ಬೇಕು.

ಯಾಕೆ ಅಂತ ಹೇಳುತ್ತೇನೆ. ಕ್ಲಿಕ್ ಶಬ್ದ ಮುಖ್ಯವಾಗಿ 2000ದಿಂದ 4000 ಹರ್ಟ್ಜ್ ಭಾಗದ ಕಥೆ ಹೇಳುತ್ತದೆ. ಅಲೆ ಬರಲಿಲ್ಲ ಅಂದರೆ ಕಿವಿ ಪೂರ್ತಿ ಹೋಗಿದೆ ಅಂತಲ್ಲ. ಕೆಳಗಿನ 500 ಹರ್ಟ್ಜ್‌ನಲ್ಲಿ ಆ ಮಗುವಿಗೆ ಸ್ವಲ್ಪ ಕೇಳಿಸುತ್ತಿರಬಹುದು. ಅದನ್ನು ತಿಳಿಯಲು ಟೋನ್ ಬರ್ಸ್ಟ್, ಅಂದರೆ ಒಂದೇ ಸ್ವರದ ಚಿಕ್ಕ ಶಬ್ದ, ಕೊಟ್ಟು ಮತ್ತೆ ನೋಡಬೇಕು. ಇನ್ನೊಂದು ಕಡೆ ಓಎಇ ಇದೆ, ಕಿವಿಯಿಂದ ಹೊರಬರುವ ಶಬ್ದ ಹಿಡಿಯುವ ಟೆಸ್ಟ್. ಆರೋಗ್ಯವಾಗಿರುವ ಕಿವಿ ತಾನೇ ಸಣ್ಣ ಶಬ್ದ ಹೊರಗೆ ಕಳಿಸುತ್ತದೆ ಅಂತ ಡೇವಿಡ್ ಕೆಂಪ್ 1978ರಲ್ಲಿ ತೋರಿಸಿದರು. ಅದೇ ಇವತ್ತಿನ ನವಜಾತ ಶಿಶುಗಳ ಸ್ಕ್ರೀನಿಂಗ್‌ಗೆ ಆಧಾರ. ಬೇಗ ಮುಗಿಯುವ ಟೆಸ್ಟ್. ಆದರೆ ಹುಟ್ಟಿದಾಗ ಕಾಮಾಲೆ ತುಂಬಾ ಏರಿ ಎನ್‌ಐಸಿಯುನಲ್ಲಿದ್ದ ಮಗುವನ್ನು ತೆಗೆದುಕೊಳ್ಳಿ. ಅದರ ಓಎಇ ಚೆನ್ನಾಗಿ ಬರಬಹುದು, ಬೆರಾದಲ್ಲಿ ಒಂದು ಅಲೆಯೂ ಇರದೆ ಹೋಗಬಹುದು. ಒಳಗಿವಿಯ ಹೊರ ಕೂದಲು ಕೋಶಗಳು ಸರಿಯಾಗಿವೆ, ಅಲ್ಲಿಂದ ಮುಂದೆ ನರದಲ್ಲಿ ಸಂದೇಶ ಒಟ್ಟಾಗಿ ಸಾಗುತ್ತಿಲ್ಲ. ಇದೇ ಆಡಿಟರಿ ನ್ಯೂರೋಪತಿ. ಓಎಇ ಒಂದನ್ನೇ ನೋಡಿ "ಪಾಸ್" ಅಂತ ಚೀಟಿ ಕೊಟ್ಟರೆ ಆ ಮಗು ಎರಡು ವರ್ಷ ತುಂಬುವವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ಟೆಸ್ಟ್ ಹೇಳಿದ್ದನ್ನು ಇನ್ನೊಂದರಿಂದ ತಾಳೆ ನೋಡದೆ ಮಗುವಿನ ಬಗ್ಗೆ ತೀರ್ಮಾನ ಕೊಡಬಾರದು ಅಂತ ಜರ್ಗರ್ ಮತ್ತು ಹೇಯ್ಸ್ 1976ರಲ್ಲೇ ಬರೆದರು. ಕ್ರಾಸ್ ಚೆಕ್ ತತ್ವ ಅಂತ ನೀವೂ ಪರೀಕ್ಷೆಗೆ ಬಾಯಿಪಾಠ ಮಾಡಿರುತ್ತೀರಿ. ಎಂಎಸ್ಸಿಯ ಎರಡು ವರ್ಷದಲ್ಲಿ ಅದು ಕೈಗೆ ಬರಬೇಕು. ಕಿವಿ ತಮಟೆ ಹೇಗೆ ಅಲುಗುತ್ತದೆ ಅಂತ ತೋರಿಸುವ ಟಿಂಪನೋಗ್ರಾಂ ಒಂದು ಹೇಳುತ್ತದೆ, ಓಎಇ ಇನ್ನೊಂದು ಹೇಳುತ್ತದೆ, ತಾಯಿ ಮೂರನೆಯದು ಹೇಳುತ್ತಾಳೆ. ಮೂರನ್ನೂ ಇಟ್ಟುಕೊಂಡು ಕೂತು ಯೋಚಿಸುವ ಅಭ್ಯಾಸ ಸೀನಿಯರ್ ಒಬ್ಬರು ಪಕ್ಕದಲ್ಲಿದ್ದಾಗ ಮಾತ್ರ ಬರುತ್ತದೆ. ಹಿಯರಿಂಗ್ ಏಡ್ ಸೆಂಟರ್‌ನಲ್ಲಿ ಆ ಸೀನಿಯರ್ ಇರುವುದು ಅಪರೂಪ. ನೀವೊಬ್ಬರೇ ಇರುತ್ತೀರಿ, ಜೊತೆಗೆ ತಿಂಗಳ ಟಾರ್ಗೆಟ್ ಇರುತ್ತದೆ.

ಹಾಗಂತ ಹಿಯರಿಂಗ್ ಏಡ್ ಕೆಲಸ ಕಡಿಮೆಯದಲ್ಲ. ಅದನ್ನು ಸರಿಯಾಗಿ ಮಾಡುವುದಕ್ಕೂ ಓದು ಬೇಕು. ಹಸುಗೂಸಿನ ಕಿವಿಯ ನಾಳ ಚಿಕ್ಕದು. ಅದೇ ಮೆಷಿನ್, ಅದೇ ಸೆಟ್ಟಿಂಗ್ ಇದ್ದರೂ ದೊಡ್ಡವರ ಕಿವಿಗಿಂತ ಮಗುವಿನ ಕಿವಿಯೊಳಗೆ ಶಬ್ದ ಜಾಸ್ತಿ ಜೋರಾಗುತ್ತದೆ. ಕಂಪ್ಯೂಟರ್ ತಾನೇ ತೋರಿಸುವ ಮೊದಲ ಸೆಟ್ಟಿಂಗ್, ಅಂದರೆ ಫಸ್ಟ್ ಫಿಟ್, ಒತ್ತಿ ಕಳಿಸಿದರೆ ಮಗು ಕಿತ್ತು ಬಿಸಾಡುತ್ತದೆ, ಮನೆಯವರು ಮಗುವಿಗೆ ಹಟ ಅಂದುಕೊಳ್ಳುತ್ತಾರೆ. ತೆಳ್ಳಗಿನ ಪ್ರೋಬ್ ಟ್ಯೂಬನ್ನು ಕಿವಿ ತಮಟೆಯ ಹತ್ತಿರ ಇಟ್ಟು, ಒಳಗೆ ನಿಜವಾಗಿ ಎಷ್ಟು ಶಬ್ದ ಸೇರುತ್ತಿದೆ ಅಂತ ಅಳೆದು ಫಿಟ್ ಮಾಡಬೇಕು. ಮಗು ಬೆಳೆದ ಹಾಗೆ ಕಿವಿಯ ಅಳತೆಗೆ ಮಾಡಿದ ಇಯರ್ ಮೋಲ್ಡ್ ಬದಲಾಯಿಸುತ್ತಾ ಇರಬೇಕು. ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಸಾಧನ) ಆದ ಮಗುವಿಗೆ ಮ್ಯಾಪಿಂಗ್, ಅಂದರೆ ಆ ಸಾಧನದ ಸೆಟ್ಟಿಂಗ್ ಹೊಂದಿಸುವುದು, ಇನ್ನೂ ಸೂಕ್ಷ್ಮ.

ಈಗ ನಮ್ಮ ಕಡೆಯ ವಿಷಯ. ಬೆಲೆ ಇದೆಯಾ ಅಂತ ಕೇಳಿದಿರಲ್ಲ, ಅಗತ್ಯ ಎಷ್ಟಿದೆ ಅಂತ ಮೊದಲು ನೋಡಿ. ನಿಮ್ಮ ಶಿಡ್ಲಘಟ್ಟದಲ್ಲೇ ರೇಷ್ಮೆ ನೂಲು ತೆಗೆಯುವ ಫಿಲೇಚರ್‌ಗಳಲ್ಲಿ, ಹುರಿ ಮೆಷಿನ್ ಪಕ್ಕದಲ್ಲಿ ದಿನವಿಡೀ ನಿಲ್ಲುವವರು ಎಷ್ಟು ಜನ! ಚಿಕ್ಕಬಳ್ಳಾಪುರದ ಸುತ್ತ ಕಲ್ಲು ಕ್ವಾರಿ, ಕ್ರಷರ್. ಇತ್ತ ಕೆಜಿಎಫ್. ಅಲ್ಲಿನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಆದರೆ ಒಳಗೆ ಡ್ರಿಲ್ ಹಿಡಿದವರ ಕಿವಿ ಆ ವರ್ಷಗಳನ್ನು ಇನ್ನೂ ಹೊತ್ತುಕೊಂಡಿದೆ. ಜೋರು ಶಬ್ದದಿಂದ ಹಾಳಾದ ಕಿವಿಯ ಆಡಿಯೋಗ್ರಾಂನಲ್ಲಿ 4000 ಹರ್ಟ್ಜ್ ಹತ್ತಿರ ಒಂದು ತಗ್ಗು ಕಾಣುತ್ತದೆ. ವಯಸ್ಸಾದ ಮೇಲೆ ಅದು ವಯಸ್ಸಿನ ಕಿವುಡಿನ ಜೊತೆ ಬೆರೆತುಹೋಗುತ್ತದೆ. ಹಾಳಾದ ಕೂದಲು ಕೋಶ ಮತ್ತೆ ಹುಟ್ಟುವುದಿಲ್ಲ. ತಗ್ಗು ಚಿಕ್ಕದಿರುವಾಗಲೇ ಕಾರ್ಖಾನೆಗೆ ಹೋಗಿ ಹಿಡಿಯುವವರು ಬೇಕು.

ಸಂಬಂಧದಲ್ಲಿ ಮದುವೆಯೂ ನಮ್ಮಲ್ಲಿ ಜಾಸ್ತಿ. ಸೋದರಮಾವನಿಗೆ, ಅತ್ತೆ ಮಗನಿಗೆ ಕೊಡುವುದು ಹೊಸದಲ್ಲ. ಕನೆಕ್ಸಿನ್ 26ರಂಥ ಜೀನ್‌ನಲ್ಲಿ ದೋಷ ಇದ್ದು ತಂದೆ ತಾಯಿ ಇಬ್ಬರೂ ಅದನ್ನು ಹೊತ್ತಿದ್ದರೆ, ಇಬ್ಬರಿಗೂ ಕಿವಿ ಚೆನ್ನಾಗಿದ್ದರೂ ಪ್ರತಿ ಮಗುವಿಗೂ ಕಿವುಡು ಬರುವ ಸಂಭವ ನಾಲ್ಕರಲ್ಲಿ ಒಂದು. ಇದನ್ನು ತಾಯಿಯ ಮೇಲೆ ತಪ್ಪು ಹೊರಿಸದ ಹಾಗೆ, ಇಡೀ ಮನೆಯ ಮುಂದೆ ಹೇಳಬೇಕು. ಅದನ್ನು ಯಾವ ಪುಸ್ತಕವೂ ಪೂರ್ತಿ ಕಲಿಸುವುದಿಲ್ಲ. ನಮ್ಮ ಮಾತು, ನಮ್ಮ ಮನೆಗಳ ರೀತಿ ಗೊತ್ತಿರುವವರು ಕೂತು ಹೇಳಿದಾಗ ಜನ ಕೇಳುತ್ತಾರೆ. ಶಿಡ್ಲಘಟ್ಟದ ಹುಡುಗಿಯೇ ಆಡಿಯಾಲಜಿಸ್ಟ್ ಆಗಬೇಕು ಅಂತ ನಾನು ಹಂಬಲಿಸುವುದು ಇದಕ್ಕೇ.

ಭಾಷೆಯದೂ ಒಂದು ವಿಷಯ. ಕೋಲಾರ, ಚಿಂತಾಮಣಿ ಕಡೆ ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ, ಪಕ್ಕದ ಬೀದಿಯಲ್ಲಿ ಉರ್ದು. ಕನ್ನಡ ಪದಗಳ ಪಟ್ಟಿಯಿಂದ ಸ್ಪೀಚ್ ಟೆಸ್ಟ್ ಮಾಡಿ ಅಂಕ ಕಡಿಮೆ ಬಂದರೆ ಅದು ಕಿವಿಯ ದೋಷವೋ, ಪದ ಪರಿಚಯ ಇಲ್ಲದ್ದೋ? ಹೀಗೆ ಎರಡು ಮೂರು ಭಾಷೆ ಬೆರೆಸಿ ಬದುಕುವವರ ಸ್ಪೀಚ್ ಟೆಸ್ಟ್ ಬಗ್ಗೆ ನೀವು ಎಂಎಸ್ಸಿ ಡಿಸರ್ಟೇಶನ್ ಮಾಡಿದರೆ ನಮ್ಮಂಥವರಿಗೆ ದೊಡ್ಡ ಉಪಕಾರ.

ಕಾಲೇಜು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದದ್ದು, ಕೇಂದ್ರ ಆರೋಗ್ಯ ಸಚಿವಾಲಯದ್ದು. ಪ್ರವೇಶ ಪರೀಕ್ಷೆ ಬರೆಯಬೇಕು. ಅಲ್ಲಿ ಸಿಕ್ಕರೆ ಎರಡನೇ ಯೋಚನೆ ಬೇಡ. ನಾನು ಅಲ್ಲಿ ಓದಿದವರ ಪಕ್ಷ ವಹಿಸುತ್ತೇನೆ ಅಂತ ನಿಮಗೆ ಅನ್ನಿಸಬಹುದು. ಹೋಗಿ ಅಲ್ಲಿನ ಓಪಿಡಿಯಲ್ಲಿ ಒಂದು ಬೆಳಗ್ಗೆ ನಿಂತು ನೋಡಿ, ಗೊತ್ತಾಗುತ್ತದೆ. ಅದು ಬಿಟ್ಟರೆ ಬೆಂಗಳೂರಿನ ಡಾ. ಎಸ್.ಆರ್. ಚಂದ್ರಶೇಖರ್ ಸಂಸ್ಥೆ, ಮಣಿಪಾಲ, ಮಂಗಳೂರಿನ ಫಾದರ್ ಮುಲ್ಲರ್ ಮತ್ತು ಡಾ. ಎಂ.ವಿ. ಶೆಟ್ಟಿ ಕಾಲೇಜು, ಮೈಸೂರಿನ ಜೆಎಸ್‌ಎಸ್ ಇವೆ. ಯಾವುದೇ ಆಗಲಿ, ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐಯ ಅನುಮತಿ ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೇ ಇದೆಯಾ ಅಂತ ಅವರ ವೆಬ್‌ಸೈಟಿನಲ್ಲಿ ನೋಡಿಯೇ ಫೀಸ್ ಕಟ್ಟಿ. ಬಿಎಎಸ್‌ಎಲ್‌ಪಿಗೆ ಅನುಮತಿ ಇದ್ದ ಮಾತ್ರಕ್ಕೆ ಎಂಎಸ್ಸಿಗೂ ಇರುತ್ತದೆ ಅಂತಿಲ್ಲ.

ಕ್ಲಿನಿಕ್ ನೋಡಿ ಅಂದೆನಲ್ಲ, ಹೀಗೆ ನೋಡಿ. ಈಗ ಓದುತ್ತಿರುವ ವಿದ್ಯಾರ್ಥಿಗಳ ಹತ್ತಿರ ಕ್ಯಾಂಟೀನಿನಲ್ಲಿ ಮಾತಾಡಿ. ಹೋದ ವಾರ ನೀವೇ ಕೈಯಾರೆ ಎಷ್ಟು ಮಕ್ಕಳಿಗೆ ಬೆರಾ ಮಾಡಿದಿರಿ ಅಂತ ಕೇಳಿ. ಮೆಷಿನ್ ಇದೆ ಆದರೆ ರಿಪೇರಿಗೆ ಹೋಗಿದೆ ಅಂದರೆ ಎಷ್ಟು ದಿನದಿಂದ ಅಂತ ಕೇಳಿ. ಇಂಪ್ಲಾಂಟ್ ಆದ ಮಕ್ಕಳ ಮ್ಯಾಪಿಂಗ್‌ನಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿಕೊಳ್ಳುತ್ತಾರಾ, ತಲೆಸುತ್ತು ಬರುವವರ ಟೆಸ್ಟ್ ನಡೆಯುತ್ತದಾ, ರಿಪೋರ್ಟ್ ತಪ್ಪಾದರೆ ಮೇಡಂ ಅಥವಾ ಸರ್ ಕೂರಿಸಿ ವಿವರಿಸುತ್ತಾರಾ, ಸುಮ್ನೆ ಸಹಿ ಹಾಕಿ ಕಳಿಸುತ್ತಾರಾ? ರೋಗಿಗಳೇ ಬರದ ಕಾಲೇಜಿನಲ್ಲಿ ಆಡಿಯಾಲಜಿ ಓದುವುದು ಕೆರೆಯಲ್ಲಿ ನೀರಿಲ್ಲದೆ ಈಜು ಕಲಿತ ಹಾಗೆ.

ಇದನ್ನು ಓದುವ ಬೇರೆ ಬಿಎಸ್ಸಿಯವರಿಗೂ ಒಂದು ಮಾತು. ಭೌತಶಾಸ್ತ್ರ, ಪ್ರಾಣಿಶಾಸ್ತ್ರದ ಬಿಎಸ್ಸಿ ಮುಗಿಸಿ ನೇರ ಎಂಎಸ್ಸಿ ಆಡಿಯಾಲಜಿಗೆ ಇಲ್ಲಿ ಬರಲಾಗುವುದಿಲ್ಲ. ಪಿಯುಸಿ ವಿಜ್ಞಾನದ ನಂತರ ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್ ಇರುವ ಬಿಎಎಸ್‌ಎಲ್‌ಪಿಯೇ ದಾರಿ. ಅಮೆರಿಕದಲ್ಲಿ ಬೇರೆ. ಅಲ್ಲಿ ಯಾವುದಾದರೂ ಪದವಿಯ ಮೇಲೆ ಸಾಮಾನ್ಯವಾಗಿ ನಾಲ್ಕು ವರ್ಷದ ಎಯುಡಿ ಅನ್ನುವ ಡಾಕ್ಟರೇಟ್ ಮಾಡುತ್ತಾರೆ. ಆಸ್ಟ್ರೇಲಿಯಾದಲ್ಲಿ ಎರಡು ವರ್ಷದ ಮಾಸ್ಟರ್ಸ್. ನಮ್ಮ ಎಂಎಸ್ಸಿ ಮಾಡಿದ ಕೂಡಲೇ ಅಲ್ಲಿ ಹೋಗಿ ಕೆಲಸ ಮಾಡಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆಯಾ ದೇಶದ ಲೈಸೆನ್ಸ್ ನಿಯಮ ಬೇರೆಯೇ ಇದೆ.

ನಿಮ್ಮ ಆರ್‌ಸಿಐ ನೋಂದಣಿಯನ್ನು ಬಿಎಎಸ್‌ಎಲ್‌ಪಿ ಮುಗಿದ ಕೂಡಲೇ ಮಾಡಿಸಿ. ಆ ನೋಂದಣಿಯ ಸಿಆರ್‌ಆರ್ ನಂಬರ್ ಇಲ್ಲದೆ ಪ್ರಾಕ್ಟೀಸ್ ಮಾಡುವ ಹಾಗಿಲ್ಲ.

ಕೆಲಸದ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಜಿಲ್ಲಾ ಆಸ್ಪತ್ರೆಯಲ್ಲಿ ಕಿವುಡುತನ ನಿಯಂತ್ರಣ ಕಾರ್ಯಕ್ರಮದ ಹುದ್ದೆ, ಮಕ್ಕಳ ಆರೋಗ್ಯ ಕಾರ್ಯಕ್ರಮದಡಿಯ ಡಿಇಐಸಿ (ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸುವ) ಕೇಂದ್ರದ ಹುದ್ದೆ ಇವು ಸಾಮಾನ್ಯವಾಗಿ ಗುತ್ತಿಗೆಯವು. ಸಂಬಳ ಬೆಂಗಳೂರಿನ ಖಾಸಗಿ ಕೆಲಸದಷ್ಟು ಇರುವುದಿಲ್ಲ, ವರ್ಷ ವರ್ಷ ನವೀಕರಣದ ಆತಂಕವೂ ಇರುತ್ತದೆ. ಇದು ಬದಲಾಗಬೇಕು. ಕಾಯಂ ಹುದ್ದೆ ಇಲ್ಲದೆ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸುವ ಕೆಲಸ ಗಟ್ಟಿಯಾಗುವುದಿಲ್ಲ. ಹುಟ್ಟಿದ ತಿಂಗಳೊಳಗೆ ಸ್ಕ್ರೀನಿಂಗ್, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಮೆಷಿನ್ ಮತ್ತು ತರಬೇತಿ ಅನ್ನುವುದು ಜಗತ್ತೆಲ್ಲ ಒಪ್ಪಿದ ಗುರಿ. ನಮ್ಮ ಹಳ್ಳಿಗಳ ಮಕ್ಕಳು ಎರಡು, ಮೂರು ವರ್ಷಕ್ಕೆ ಬರುತ್ತಾರೆ. ಸರ್ಕಾರದ ನೆರವಿನಲ್ಲಿ ಇಂಪ್ಲಾಂಟ್ ಸಿಗಲು ವಯಸ್ಸಿನ ಮಿತಿ ಇದೆ, ಕಾಯಲು ಸಮಯ ಇಲ್ಲ. ಆಪರೇಷನ್ ಆದಮೇಲೂ ಮ್ಯಾಪಿಂಗ್‌ಗೆ, ಥೆರಪಿಗೆ ಪ್ರತಿ ಸಲ ಕೂಲಿ ಬಿಟ್ಟು ಬೆಂಗಳೂರಿಗೆ ಬಸ್ ಹತ್ತಬೇಕಾದ ತಾಯಂದಿರು ಮಧ್ಯದಲ್ಲೇ ಕೈಬಿಡುತ್ತಾರೆ.

ಎಂಎಸ್ಸಿ ಇದ್ದರೆ ಆಡಿಯಾಲಜಿ ಕಾಲೇಜಿನಲ್ಲಿ, ಮೆಡಿಕಲ್ ಕಾಲೇಜಿನ ಇಎನ್‌ಟಿ ವಿಭಾಗದಲ್ಲಿ ಪಾಠ ಹೇಳುವ ಹುದ್ದೆಗೂ ದಾರಿ ತೆರೆಯುತ್ತದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರರಲ್ಲೂ ಮೆಡಿಕಲ್ ಕಾಲೇಜುಗಳಿವೆ. ಮನೆಯವರಿಗೆ ಇದನ್ನು ಹೇಳಿ, ಅವರಿಗೆ ಬೇಗ ಅರ್ಥವಾಗುತ್ತದೆ. ಜೊತೆಗೆ ಬಿಡುವಿನ ದಿನ ಅಪ್ಪ ಅಮ್ಮನನ್ನು ನಿಮ್ಮ ಪೋಸ್ಟಿಂಗ್ ಜಾಗಕ್ಕೆ ಕರೆದುಕೊಂಡು ಹೋಗಿ ತೋರಿಸಿ. ಮೆಷಿನ್ ಮಾರುವುದಕ್ಕೂ ಈ ಕೆಲಸಕ್ಕೂ ಇರುವ ವ್ಯತ್ಯಾಸ ಅವರೇ ನೋಡಲಿ.

ಮನೆಯಲ್ಲಿ ದುಡ್ಡಿನ ಕಷ್ಟ ನಿಜವಾಗಿಯೂ ಇದ್ದರೆ ಒಂದು ವರ್ಷ ಕೆಲಸ ಮಾಡಿ ಆಮೇಲೆ ಸೇರಿದರೂ ನಷ್ಟ ಇಲ್ಲ. ಆದರೆ ಬಾಂಡ್ ಬರೆಸಿಕೊಳ್ಳುವ ಕಡೆ ಹೋಗಬೇಡಿ. ಸಂಜೆ ಹೊತ್ತು ಅಕೌಸ್ಟಿಕ್ಸ್ (ಶಬ್ದಶಾಸ್ತ್ರ) ಮತ್ತು ಮಾಸ್ಕಿಂಗ್, ಅಂದರೆ ಟೆಸ್ಟ್ ಮಾಡದ ಕಿವಿಯನ್ನು ಬೇರೆ ಶಬ್ದದಿಂದ ಮರೆಮಾಡುವ ಲೆಕ್ಕ, ಬಿಡದೆ ಓದಿ. ಹೆಡ್‌ಫೋನಿನಲ್ಲಿ ಕೊಟ್ಟ ಶಬ್ದ ಸುಮಾರು 40 ಡೆಸಿಬಲ್ ಮೀರಿದರೆ ತಲೆಬುರುಡೆಯ ಮೂಲಕ ಆಚೆ ಕಿವಿಗೆ ದಾಟಬಹುದು ಅನ್ನುವುದರಿಂದ ಶುರು ಮಾಡಿ. ಪ್ರವೇಶ ಪರೀಕ್ಷೆಗೂ ಅದು ಬೇಕು. ಸೆಂಟರ್‌ನಲ್ಲಿ ಕೂತ ಮೊದಲ ದಿನದಿಂದಲೂ ಬೇಕು.